ಪಾಕದ ವಾಸನೆಯ ಕೂಸು

ಕೆಸರೆಯ ಬಸವಮ್ಮನ ಗಂಡ ಚೆಲುವಯ್ಯ ಊರಾಚೆಯ ಆಲೆಮನೆಯಲ್ಲಿ ಬೆಲ್ಲದ ಪಾಕ ಕಾಯಿಸುವವನು. ಅವನಿಗಿಂತ ಮೊದಲು ಅವನ ವಾಸನೆ ಹೊಸ್ತಿಲು ದಾಟುತ್ತಿತ್ತು. ಹಾಗಾಗಿ ತೊಂಬತ್ನಾಲ್ಕರಲ್ಲಿ ಹುಟ್ಟಿದ ಚೊಚ್ಚಲ ಗಂಡುಕೂಸಿನ ಉಚ್ಚೆಯ ಒದ್ದೆಬಟ್ಟೆ ಸೀದ ಬೆಲ್ಲದಂತೆ ನಾತ ಹೊಡೆದಾಗ ಯಾರಿಗೂ ಅನುಮಾನ ಬರಲಿಲ್ಲ.

"ಅಪ್ಪನ ಮಗ ಕಣಮ್ಮಿ, ಆಲೆಮನೇನೇ ಹೊತ್ಕೊಂಡು ಬಂದವ್ನೆ!" ಎಂದು ನಕ್ಕಳು ಅತ್ತೆ ಹುಚ್ಚಮ್ಮ. ಅವಳು ಚೆಲುವಯ್ಯನ ತಾಯಿ, ಬಸವಮ್ಮನ ಅಪ್ಪನ ಒಡಹುಟ್ಟಿದ ಅಕ್ಕ.

ಕೂಸು ಮಂಕಾಯಿತು. ಮಂಕಾದಷ್ಟೂ ಬಸವಮ್ಮ ಎದೆಗೊತ್ತಿಕೊಂಡು ಹಾಲೂಡಿದಳು. ಅದು ಬಿಲ್ಲಿನಂತೆ ಸೆಟೆದು ಪ್ರಾಣ ಬಿಟ್ಟಿತು. ಮಣ್ಣು ಮಾಡಿ ಬಂದ ಹೊತ್ತಿನಲ್ಲಿ ಅತ್ತೆ, "ನಿನ್ ಹಾಲೇ ವಿಷ ಕಣೆ" ಎಂದುಬಿಟ್ಟಳು. ಆ ಮಾತು ಮುರಿದ ಮುಳ್ಳಿನಂತೆ ಒಳಗೇ ಉಳಿಯಿತು. ಕಟ್ಟಿದ ಹಾಲನ್ನು ಹಿಂಡಿ, ಯಾರೂ ತುಳಿಯದ ಜಾಗವೆಂದು ಹಿತ್ತಲ ಮಲ್ಲಿಗೆ ಬುಡಕ್ಕೆ ಹುಯ್ದಳು ಬಸವಮ್ಮ.

ಮತ್ತೆ ಬಸಿರು ನಿಂತದ್ದು ಎಷ್ಟೋ ವರ್ಷಗಳ ಮೇಲೆ. ಹೆಣ್ಣುಕೂಸು. ಅದೂ ವಾರದೊಳಗೆ ಮಂಕಾದಾಗ ಆಸ್ಪತ್ರೆಗೆ ಓಡಿದರು.

"ಮೊದಲ್ನೇ ಮಗು ಮೈಯಿಂದ ಏನಾದ್ರೂ ವಾಸನೆ ಬರ್ತಿತ್ತೇನಮ್ಮ?" ಎಂದರು, ಚೊಚ್ಚಲ ಕೂಸೂ ಹೀಗೇ ಹೋದದ್ದನ್ನು ಕೇಳಿದ ಡಾಕ್ಟರಮ್ಮ.

"ಬೆಲ್ಲದ ಪಾಕದ್ದು, ಮೇಡಮ್ಮೋರೆ. ಇದಕ್ಕೂ ಅದೇಯ. ನಮ್ ಯಜಮಾನ್ರು ಆಲೆಮನೇಲಿ..." ಬಸವಮ್ಮ ಕೂಸಿನ ಬಟ್ಟೆಯನ್ನು ಮತ್ತೆ ಮೂಸಿದಳು. ಆಲೆಮನೆ ಮುಚ್ಚಿ ವರ್ಷ ಕಳೆದಿತ್ತು. ಚೆಲುವಯ್ಯ ಈಗ ಬನ್ನಿಮಂಟಪದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ.

ಡಾಕ್ಟರಮ್ಮ ಆಗಲೇ ಎದೆಹಾಲು ನಿಲ್ಲಿಸಿ ಡ್ರಿಪ್ ಹಾಕಿದರು. ಕೂಸಿನ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ದೊಡ್ಡ ಲ್ಯಾಬಿಗೆ ಕಳಿಸಿದರು.

"ಕುಡಿದ ಹಾಲು ಮೈಯೊಳಗೆ ಒಡೆದು ನೂರಾರು ಸಣ್ಣ ಪದಾರ್ಥ ಆಗುತ್ತೆ. ಒಂದು ಇನ್ನೊಂದಾಗ್ತಾ ಹೋಗುತ್ತೆ, ನೀರು ಗದ್ದೆಯಿಂದ ಗದ್ದೆಗೆ ಹರಿದ ಹಾಗೆ. ಎಲ್ಲೋ ಒಂದು ತೂಬು ಕಟ್ಟಿದ್ರೆ ನೀರು ಹಿಂದೆ ನಿಂತು ಕೊಳೆಯುತ್ತೆ. ಒಂದೇ ಹನಿಯಲ್ಲಿರೋ ಅವನ್ನೆಲ್ಲ ತೂಕ ನೋಡಿ ಬೇರ್ಪಡಿಸಿ ಅಳೆಯೋ ಯಂತ್ರ ಈಗ ಬಂದಿದೆ. ಆ ವಿದ್ಯೆಗೆ ಮೆಟಬಾಲೊಮಿಕ್ಸ್ ಅಂತಾರೆ. ಯಾವುದು ಅತಿಯಾಗಿದೆ ಅಂತ ತಿಳಿದ್ರೆ, ಕಟ್ಟಿರೋ ತೂಬು ಯಾವುದು ಅಂತ ಗೊತ್ತಾಗುತ್ತೆ."

ಫಲಿತಾಂಶ ಬಂತು. ಹಾಲಿನ ಸಾರದ ಕೆಲವು ಅಂಶಗಳು ಮುಂದಕ್ಕೆ ಒಡೆಯದೆ ರಕ್ತದಲ್ಲಿ ತುಂಬಿಕೊಂಡು ಮಿದುಳಿಗೆ ನಂಜಾಗಿದ್ದವು.

"ಹಂಗಾರೆ ನನ್ ಹಾಲೇ..."

"ನಿಮ್ಮ ಹಾಲು ಹಾಲೇ ಕಣಮ್ಮ. ಯಾರ ಹಾಲಾದ್ರೂ ಹೀಗೇ ಆಗ್ತಿತ್ತು. ಈ ತೊಡಕು ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಬರಬೇಕು."

ಹುಚ್ಚಮ್ಮ ಬಾಗಿಲಲ್ಲೇ ನಿಂತು ಇದನ್ನು ಕೇಳಿದಳು. ಸೊಸೆಯ ತವರೂ ತನ್ನ ತವರೂ ಒಂದೇ; ಮಗನಿಗೆ ಅದು ಬಂದದ್ದು ತನ್ನಿಂದಲೇ.

ಕೂಸಿನ ಜೀವ ಉಳಿಯಿತು. ನಂಜು ಮಿದುಳಿಗೇರಿದ್ದರಿಂದ ಮುಂದೆಯೂ ಕತ್ತು ಮಾತ್ರ ನಿಲ್ಲಲಿಲ್ಲ. ಆ ಅಂಶಗಳನ್ನು ತೆಗೆದ, ಅಳೆದು ಕದಡಿದ ಪುಡಿಯ ಹಾಲೇ ಅದಕ್ಕೆ ಗತಿಯಾಯಿತು. ಬಸವಮ್ಮ ಮತ್ತೆ ಎದೆ ಹಿಂಡಿ ಬಟ್ಟಲು ಹಿಡಿದು ಹಿತ್ತಲಿಗೆ ಬಂದಳು.

"ಕೊಡವ್ವ, ನಾನ್ ಹುಯ್ದು ಬತ್ತೀನಿ" ಎಂದು ಹುಚ್ಚಮ್ಮ ಕೈ ಚಾಚಿದಳು.

ಬಸವಮ್ಮ ಬಟ್ಟಲು ಕೊಡಲಿಲ್ಲ. ಮಲ್ಲಿಗೆ ಬುಡದಲ್ಲಿ ಕೂತು ತಾನೇ ಹುಯ್ದಳು. ಒಳಗೆ ಕೂಸು ಹಸಿದು ಅಳುತ್ತಿತ್ತು.