ಈಶಾನ್ಯದ ಗೋಡೆಯ ಗೆರೆ

ದೇವರ ಮಂಟಪವನ್ನು ಅಡ್ಡ ಇಟ್ಟು ನಾನು ಒಂದು ನದಿಯನ್ನು ಮುಚ್ಚಿದೆ. ಮುಚ್ಚಿ, ಮನೆ ಮಾರಿದೆ. ಅದಕ್ಕೆ ತೆತ್ತ ಬೆಲೆ ರಘುಪತಿ — ಈ ದೇಶದಲ್ಲಿ ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದ ಒಬ್ಬನೇ ಮನುಷ್ಯ. ಯಾಕೆ ಮಾಡಿದೆ? ಲಾಭಕ್ಕೆ ಎಂದುಬಿಟ್ಟರೆ ನನಗೆ ಸಲೀಸು. ಲಾಭಕ್ಕಷ್ಟೇ ಅಲ್ಲ — ಹಗೆಗೆ.

ನಾನು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಕಲಿತವನು. ನೆದರ್ಲೆಂಡ್ಸಿಗೆ ಬಂದ ಮೇಲೆ ಹಳೆಯ ಮನೆ ಕೊಂಡು, ರಿಪೇರಿ ಮಾಡಿ ಮಾರುವುದೇ ಕಸುಬು. ರಘುಪತಿ ಉಡುಪಿಯವನು, ಹಾರ್ಲೆಮ್‌ನಲ್ಲಿ ಇಂಜಿನಿಯರ್. ಅವನಿಗೆ ಜುಟ್ಫೆನ್ ಊರಿನ ಹುಚ್ಚು. ಐಸೆಲ್ ನದಿಯ ದಂಡೆಯ ಆ ಊರು ಹಿಂದೆ ಕೌಂಟ್ ದೊರೆಗಳ ಸೀಮೆಗೆ ರಾಜಧಾನಿಯಾಗಿತ್ತಂತೆ; ಅದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತೇನೆಂದು ವರ್ಷಗಟ್ಟಲೆ ಹಾಳೆ ತುಂಬಿಸುತ್ತಿದ್ದ. ಒಮ್ಮೆ ಗಣೇಶನ ಹಬ್ಬದ ಊಟದಲ್ಲಿ, ಎಲ್ಲರೆದುರು, “ನಮ್ಮ ಅಣ್ಣನಿಗೆ ಎಂತ ಚರಿತ್ರೆ ಮಾರಾಯ್ರೆ, ಯಾವ ಮನೆಯಲ್ಲಿ ಎಷ್ಟು ಕಕ್ಕಸು ಉಂಟು ಕೇಳಿ, ಹೇಳ್ತಾರೆ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರೆಯಲಿಲ್ಲ.

ಅದೇ ಊರಲ್ಲಿ ನಾನೊಂದು ಮನೆ ಕೊಂಡಿದ್ದೆ. ಮಾರಿದ ಡಚ್ ಮುದುಕ ಅರ್ಧ ನೆಲದೊಳಗಿದ್ದ ಕೆಳಕೋಣೆಗೆ ಕರೆದೊಯ್ದು, ಗೋಡೆಯ ಕಲ್ಲಿನಲ್ಲಿ ಕೊರೆದ ಗೆರೆಯ ಮೇಲೆ ನನ್ನ ಕೈ ಇಡಿಸಿದ್ದ. ನದಿ ಒಮ್ಮೆ ಇಷ್ಟೆತ್ತರ ಬಂದಿತ್ತು. ಹೋಗುವವನು ಬರುವವನಿಗೆ ಇದನ್ನು ತೋರಿಸಿ ಹೋಗುವುದು ಈ ಬೀದಿಯ ಪದ್ಧತಿ ಎಂದ. ಆ ಗೆರೆಯನ್ನೇ ಹಿಡಿದು ನಾನು ಅವನ ಬೆಲೆ ಇಳಿಸಿದೆ.

ಕರೋನಾ ಬಂತು. ಆ ಊರಲ್ಲೇ ಮನೆ ಬೇಕೆಂದಿದ್ದ ರಘುಪತಿಯ ಮನೆಯಲ್ಲಿ ಎಲ್ಲರಿಗೂ ಜ್ವರ. ಫೋನಿನಲ್ಲೇ ಮನೆ ತೋರಿಸಿದೆ. ಅದಕ್ಕೂ ಮೊದಲು ಗೆರೆಯ ಮುಂದೆ ಮರದ ಮಂಟಪ ನಿಲ್ಲಿಸಿ ದೀಪ ಹಚ್ಚಿದ್ದೆ. ನಮ್ಮವರು ಗೋಡೆ ತಟ್ಟಿ ನೋಡುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ, ದೇವರನ್ನು ಸರಿಸಿ ನೋಡುವುದಿಲ್ಲ — ಇದು ನನಗೆ ಚೆನ್ನಾಗಿ ಗೊತ್ತಿತ್ತು. ಈಶಾನ್ಯ ಮೂಲೆ ಎಂದೆ. ಅವನು ಅಲ್ಲಿಂದಲೇ ಕೈಮುಗಿದ.

“ಮಂಟಪ ಅಲ್ಲೇ ಇರಲಿ ಅಣ್ಣ, ಕದಲಿಸುವುದು ಬೇಡ.”

ನೀರಿನ ಭಯ ಇದೆಯೇ ಎಂದೂ ಕೇಳಿದ. ಇಲ್ಲ ಎಂದೆ.

ಮನೆ ಕೊಂಡು ಬಂದು ಸೇರಿದ ಮೇಲೆ, ತಾನು ಬರೆದಿದ್ದನ್ನೆಲ್ಲ ದೇವರ ಹತ್ತಿರ ಇರಲೆಂದು ಅವನು ಆ ಕೆಳಕೋಣೆಯಲ್ಲೇ ಇಟ್ಟ. ಚಳಿಗಾಲದಲ್ಲಿ ನದಿ ಏರಿತು. ನೀರು ನೆಲದಿಂದಲೇ ಜಿನುಗಿ ಬಂತು. ಅವನು ಇಳಿದು ನೋಡುವಷ್ಟರಲ್ಲಿ ಹಾಳೆಗಳೆಲ್ಲ ನೀಲಿ ಮುದ್ದೆ. ದೇವರನ್ನಾದರೂ ಉಳಿಸೋಣವೆಂದು ಮಂಟಪ ಎತ್ತಿದ್ದಾನೆ — ಹಿಂದೆ ಗೆರೆ.

“ಇಷ್ಟು ದಿನ ನಾನು ದೀಪ ಇಟ್ಟದ್ದು ನಿಮ್ಮ ಸುಳ್ಳಿಗಾ?” ಫೋನಿನಲ್ಲಿ ಅಷ್ಟೇ ಕೇಳಿದ. ಅಣ್ಣ ಎನ್ನಲಿಲ್ಲ.

ಆಗಲಾದರೂ ನಾನು — ಇಲ್ಲ. “ಚರಿತ್ರೆ ಗೊತ್ತಿರೋನು ನೀನು. ನೀನೇ ನೋಡ್ಕೋಬೇಕಿತ್ತು” ಎಂದೆ. ಹಬ್ಬದೂಟದ ದಿನದಿಂದ ಆ ಉತ್ತರ ನನ್ನ ಬಾಯಲ್ಲಿ ಕಾದು ಕೂತಿತ್ತು. ಆಮೇಲೆ ಅವನು ಫೋನ್ ಎತ್ತಿಲ್ಲ.

ನದಿ ಪಕ್ಕ ಮನೆ ಕೊಳ್ಳುವವರಿಗೆ ನನ್ನದೊಂದು ಮಾತು. ಖುದ್ದಾಗಿ ಹೋಗಿ. ಎಲ್ಲಕ್ಕಿಂತ ಕೆಳಗಿನ ಕೋಣೆಯನ್ನು ಎಲ್ಲಕ್ಕಿಂತ ಮೊದಲು ನೋಡಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಪಕ್ಕದ ಮನೆಯವರನ್ನು ಕೇಳಿ. ಗೋಡೆಗೆ ದೇವರಿದ್ದರೆ ಕೈಮುಗಿಯಿರಿ. ಮುಗಿದ ಮೇಲೆ, ಪಕ್ಕಕ್ಕೆ ಸರಿಸಿ ನೋಡಿ. ಮಾರುವವನು ನಿಮ್ಮ ಭಾಷೆಯವನಾಗಿದ್ದರೆ ಖಂಡಿತ ಸರಿಸಿ ನೋಡಿ.