ಖಾಲಿ ಮೈದಾನದಲ್ಲಿ ನಮ್ಮತ್ತೆ

ದಸರಾ ಬೊಂಬೆಗಳ ಪೆಟ್ಟಿಗೆ ತೆಗೆಯೋಣವೆಂದು ಹೋದ ವಾರ ಗರಾಜಿಗೆ ಹೋದೆ. ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುವ ಜಾಗ ಅದು. ಯಾರೂ ಓಡದ ಟ್ರೆಡ್‌ಮಿಲ್ಲನ್ನು ಸರಿಸಿ, ಹಿಂದಿದ್ದ ಪೆಟ್ಟಿಗೆಗೆ ಕೈ ಹಾಕಿದ್ದೇ ತಡ, ಗೋಡೆಗೆ ಒರಗಿಸಿಟ್ಟಿದ್ದ ನಮ್ಮತ್ತೆ ಧೊಪ್ಪನೆ ನನ್ನ ಮೇಲೆ ಬಿದ್ದರು.

ಗಾಬರಿಯಾಗಬೇಡಿ. ನಿಜವಾದ ಅತ್ತೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಬಿದ್ದದ್ದು ಅವರ ಕಟೌಟು. ಸೊಂಟದಿಂದ ಮೇಲಕ್ಕೆ ಇರುವ, ಪ್ಲಾಸ್ಟಿಕ್ ಹಲಗೆಯಲ್ಲಿ ಕತ್ತರಿಸಿದ ಅತ್ತೆ. ರೇಷ್ಮೆ ಸೀರೆಯ ಮೇಲೆ ನೀಲಿ ಬೇಸ್‌ಬಾಲ್ ಅಂಗಿ, ಹಣೆಯಲ್ಲಿ ಸಣ್ಣ ಕಪ್ಪು ಬೊಟ್ಟು, ನಗು ಇಲ್ಲ. ಬಲಗೆನ್ನೆಯಲ್ಲಿ ನಿಂಬೆಹಣ್ಣು ಕೂರುವಷ್ಟು ತಗ್ಗು. ಅದನ್ನೆತ್ತಿ ಧೂಳು ಒರೆಸುತ್ತ ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟೆ. ಬೊಂಬೆಗಳು ಕಾಯಲಿ, ನೀವೂ ಸ್ವಲ್ಪ ಕೂತುಕೊಳ್ಳಿ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ಮದುವೆಯಾಗಿ ಈ ದೇಶಕ್ಕೆ ಬಂದು ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚಿನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದಾಗ ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಪರಿಚಯದವರು ಯಾರೂ ಇರಲಿಲ್ಲ. ಕೆಳಗಿನ ಮನೆಯ ಮುದುಕರೊಬ್ಬರು ಸಂಜೆಯಾದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದರು. ನಾನು ಮೇಲಿನ ಕಿಟಕಿಯಲ್ಲಿ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಇಂಗ್ಲಿಷೂ ಆಟವೂ ಒಟ್ಟೊಟ್ಟಿಗೆ ಬಂದವು. ಆದರೆ ಕಣ್ಣಿಂದ ನೋಡಿರಲಿಲ್ಲವಲ್ಲ, ಚೆಂಡು ಎಸೆಯುವವನು ನಮ್ಮ ಕ್ರಿಕೆಟ್ಟಿನವರ ಹಾಗೆ ದೂರದಿಂದ ಓಡಿಬಂದು ಎಸೆಯುತ್ತಾನೆಂದೇ ಒಂದಿಡೀ ವರ್ಷ ಅಂದುಕೊಂಡಿದ್ದೆ. ಮೊದಲ ಸಲ ಟೀವಿಯಲ್ಲಿ ನೋಡಿದಾಗ ಆ ಮಹಾರಾಯ ನಿಂತಲ್ಲೇ ನಿಂತು ಒಂದು ಕಾಲೆತ್ತಿ ಎಸೆದುಬಿಟ್ಟ. ನನಗೆ ಮೋಸವಾದ ಹಾಗಾಯಿತು. ಆಮೇಲೆ ನಾವು ಸ್ಯಾಂಟಾ ಕ್ಲಾರಿಟಾಗೆ ಬಂದೆವು. ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ಟೀವಿ ಕಾರ್ಯಕ್ರಮಗಳ ಕೆಳಗೆ ಬರುವ ಅಕ್ಷರ ತಿದ್ದುವ ಕೆಲಸ ಸಿಕ್ಕಿತು, ಹೋಗುತ್ತ ಬರುತ್ತ ಕಾರಿನಲ್ಲಿ ರೇಡಿಯೋ ಜೊತೆಯಾಯಿತು. ನಮ್ಮನೆಯವರಿಗೆ ಇದೆಲ್ಲ ಬೇಡ. ಒಂಬತ್ತು ಇನಿಂಗ್ಸಿನ ಆಟದಲ್ಲಿ ಮೂರನೆಯದಕ್ಕೇ ಸೋಫಾದ ಮೇಲೆ ಗೊರಕೆ ಹೊಡೆಯುತ್ತಾರೆ.

ಅತ್ತೆ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಆಡಿದರೆ ಗಡಿಯಾರ ಹೊಡೆದ ಹಾಗೆ. ಎರಡು ಸಾವಿರದ ಇಪ್ಪತ್ತರ ಶುರುವಿಗೆ ಬಂದರು. ಮೂರು ತಿಂಗಳು ನಮ್ಮಲ್ಲಿ, ಮೂರು ತಿಂಗಳು ಸ್ಯಾನ್ ಡಿಯಾಗೋದ ಚಿಕ್ಕ ಮಗನ ಮನೆಯಲ್ಲಿ ಎಂದು ಏರ್ಪಾಟು. ಅಷ್ಟರಲ್ಲಿ ರೋಗ ಬಂದು ಲೋಕವೇ ಬಾಗಿಲು ಹಾಕಿಕೊಂಡಿತು. ವಿಮಾನವಿಲ್ಲ, ವಯಸ್ಸಾದವರನ್ನು ಮನೆಯಿಂದ ಮನೆಗೆ ಸಾಗಿಸುವುದು ಬೇಡವೆಂದರು. ನಾನು, ಅತ್ತೆ, ನಡುವೆ ನಮ್ಮನೆಯವರ ಗೊರಕೆ. ನಮ್ಮಿಬ್ಬರಿಗೆ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. "ಕಾಫಿ ಆಯ್ತಾ ಅತ್ತೆ?", "ಆಯ್ತಮ್ಮ", ಇಷ್ಟರಲ್ಲೇ ನಾಲ್ಕು ತಿಂಗಳು ಕಳೆದೆವು.

ಜುಲೈ ಕೊನೆಗೆ ಆಟ ಶುರುವಾಯಿತು, ಪ್ರೇಕ್ಷಕರಿಲ್ಲದೆ. ಖಾಲಿ ಸೀಟು ನೋಡಲಾಗದೆಂದು ನಮ್ಮ ಲಾಸ್ ಏಂಜಲೀಸ್ ತಂಡದವರು ಒಂದು ಉಪಾಯ ಹೂಡಿದರು. ಅಭಿಮಾನಿಗಳು ತಂಡದ ಅಂಗಿ ತೊಟ್ಟ ಫೋಟೋ ಕಳಿಸಿದರೆ ಅದರ ಕಟೌಟು ಮಾಡಿಸಿ ಸೀಟಿನಲ್ಲಿ ಕೂರಿಸುವುದು. ಅದೇ ಹೊತ್ತಿಗೆ ಅತ್ತೆಗೆ ಎಪ್ಪತ್ತೈದು ತುಂಬುತ್ತಿತ್ತು. ಯಾರನ್ನೂ ಮನೆಗೆ ಕರೆಯುವ ಹಾಗಿಲ್ಲ. ಜನ ಬರಲಾಗದಿದ್ದರೆ ಅತ್ತೆಯೇ ಹೊರಗೆ ಹೋಗಿ ಬರಲಿ ಎಂದು ನನ್ನ ತಲೆಗೆ ಹೊಳೆಯಿತು. ಸೀರೆಯ ಮೇಲೆ ನನ್ನ ನೀಲಿ ಅಂಗಿ ತೊಡಿಸಿ, "ಹುಟ್ಟಿದಹಬ್ಬಕ್ಕೆ ಒಂದು ಫೋಟೋ ಅತ್ತೆ, ನಗಿ" ಎಂದೆ. ಅವರು ಆಫೀಸಿನ ಗುರುತಿನ ಚೀಟಿಗೆ ನಿಂತ ಹಾಗೆ ನಿಂತರು. ಯಾತಕ್ಕೆಂದು ನಾನು ಹೇಳಲಿಲ್ಲ. ಆಮೇಲೆ ಖುಷಿಯಾಗಲಿ ಎಂದು ಗುಟ್ಟು ಮಾಡಿದೆ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತಲ್ಲ, ಹಾಗಾಯಿತು.

ಕಟೌಟು ಕೂತ ದಿನ ಅತ್ತೆಯನ್ನು ಟೀವಿ ಮುಂದೆ ಕೂರಿಸಿದೆ. ಒಂದು ಚೆಂಡು ಗ್ಯಾಲರಿಯತ್ತ ಹಾರಿತು, ಕ್ಯಾಮೆರಾ ಹಿಂದೆಯೇ ಹೋಯಿತು, ಅಗೋ ಅತ್ತೆ. ಅವರ ಎಡಕ್ಕೆ ಒಂದು ನಾಯಿಯ ಕಟೌಟು, ಬಲಕ್ಕೆ ಟೋಪಿ ಹಾಕಿದ ಒಬ್ಬ ಮುದುಕರದು. ಸರಿಯಾಗಿ ಅದೇ ಗಳಿಗೆಯಲ್ಲಿ ಕಾಮೆಂಟರಿಯವರು ಗದ್ಗದಿತರಾಗಿ, ತೀರಿಹೋದ ತಮ್ಮ ಹಿರಿಯರ ಫೋಟೋಗಳನ್ನು ಎಷ್ಟೋ ಜನ ಕಳಿಸಿದ್ದಾರೆ, ಅವರೆಲ್ಲ ಮೇಲಿನಿಂದ ಆಟ ನೋಡುತ್ತಿರಬಹುದು ಎಂದರು. ಅತ್ತೆಗೆ ಅಷ್ಟು ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ.

ನಮ್ಮೂರ ಕಡೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸೂ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸೂ ದೂರದಿಂದ ಒಂದೇ ಥರ ಕಾಣುತ್ತವೆ, ನೀವೂ ನೋಡಿದ್ದೀರಿ. ಅತ್ತೆಯ ಮನೆಯಲ್ಲಿ ಒಬ್ಬರದೇ ದೊಡ್ಡ ಫೋಟೋ ಮಾಡಿಸುವುದು ಅವರು ಹೋದಮೇಲೆ. ಮಾವನವರದನ್ನೂ ಹಾಗೇ ಮಾಡಿಸಿದ್ದು. ಅತ್ತೆ ಸದ್ದಿಲ್ಲದೆ ಎದ್ದರು. "ಇಷ್ಟು ಬೇಗ ಯಾಕಮ್ಮ ಹಾಕಿಸ್ದೆ?" ಎಂದು ಕೇಳಿ ರೂಮಿಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ಯಾನ್ ಡಿಯಾಗೋದಿಂದ ಮೈದುನನ ಹೆಂಡತಿ, ನನ್ನ ಓರಗಿತ್ತಿ, ಫೋನು ಮಾಡಿದಳು. ಅವಳು ಅಲ್ಲಿಯ ಕಂದು ಅಂಗಿಯ ತಂಡದ ಅಭಿಮಾನಿ, ನನ್ನ ಕಾಲೆಳೆಯುವ ಅವಕಾಶ ಬಿಡುವವಳಲ್ಲ. "ಅಕ್ಕ, ಒಂದು ಹಾರಾನೂ ಹಾಕಿಸಿಬಿಡಬೇಕಿತ್ತು" ಎಂದಳು. ಅದನ್ನು ತೆಗೆದುಬಿಡಿ ಎಂದು ತಂಡದವರಿಗೆ ಎರಡು ಈಮೇಲು ಬರೆದೆ. ಉತ್ತರ ಬರಲಿಲ್ಲ.

ಎರಡು ವಾರ ತುಂಬುವಷ್ಟರಲ್ಲಿ ಅತ್ತೆಗೆ ಜ್ವರ ಬಂತು. ಮನೆಗೆ ದಿನಸಿ ತರುತ್ತಿದ್ದವಳು ನಾನು, ಹೊರಗೆ ಹೋಗಿ ಬರುತ್ತಿದ್ದವಳೂ ನಾನೊಬ್ಬಳೇ. ಮೂರನೆಯ ದಿನ ಉಸಿರು ಸಿಕ್ಕಿಕೊಂಡು ಆಂಬ್ಯುಲೆನ್ಸ್ ಕರೆಸಿದೆವು. ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿದರು, ಜೊತೆಗೆ ಯಾರೂ ಬರುವಂತಿಲ್ಲ. ಅತ್ತೆ ನನ್ನ ಮುಖ ನೋಡಲಿಲ್ಲ. ಆಸ್ಪತ್ರೆಯಿಂದ ದಿನಕ್ಕೊಂದು ಫೋನು, ಪ್ರತಿ ಸಲವೂ ಆಕ್ಸಿಜನ್ ಇಳಿದ ಸುದ್ದಿ. ಇನ್ನೆರಡು ದಿನ ಹೀಗೇ ಆದರೆ ವೆಂಟಿಲೇಟರ್ ಹಾಕಬೇಕಾದೀತು ಎಂದರು ಡಾಕ್ಟರು.

ನಾನು ರಾಹುಕಾಲ ನೋಡುವವಳಲ್ಲ, ಬೆಕ್ಕು ಅಡ್ಡ ಹೋದರೆ ನಿಲ್ಲುವವಳೂ ಅಲ್ಲ. ಆದರೆ ನಮ್ಮ ತಂಡ ಮುಂದಿದ್ದಾಗ ಮಡಿಸಿ ಕೂತ ಕಾಲನ್ನು ಬಿಡಿಸದವಳು. ಕುಕ್ಕರ್ ಆರು ಸಲ ಕೂಗಿದರೂ ಏಳದೆ ಬೇಳೆ ಸೀಯಿಸಿದವಳು. ನನ್ನ ಕಾಲು ಮಡಚಿದ್ದರಿಂದ ಎಲ್ಲೋ ಇರುವ ಆಟಗಾರ ಗೆಲ್ಲುತ್ತಾನೆಂದು ಇಪ್ಪತ್ತು ವರ್ಷ ನಂಬಿದವಳಿಗೆ, ಫೋಟೋ ಹಾಕಿಸಿದ್ದರಿಂದ ಏನೂ ಆಗುವುದಿಲ್ಲ ಎನ್ನಲು ಬಾಯಿ ಎಲ್ಲಿಂದ ಬರಬೇಕು? ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಟೀವಿ ಹಾಕುವುದನ್ನು ಬಿಟ್ಟೆ. ಹಾಕಿದರೆ ಆ ಸೀಟಿನಲ್ಲಿ ಅವರು ಕಾಣುತ್ತಾರೆ, ಕಂಡರೆ ನಾನು ತಡೆದುಕೊಳ್ಳಲಾರೆ.

ಆರನೆಯ ಸಂಜೆ ಆಸ್ಪತ್ರೆಯ ನಂಬರಿನಿಂದ ವಿಡಿಯೋ ಕರೆ ಬಂತು. ಅಲ್ಲಿಯವರೆಗೆ ಒಮ್ಮೆಯೂ ವಿಡಿಯೋ ಬಂದಿರಲಿಲ್ಲ. ಫೋನನ್ನು ನಮ್ಮನೆಯವರ ಕೈಗೆ ಕೊಟ್ಟೆ. ತೆರೆಯ ಮೇಲೆ ಅತ್ತೆ, ಮೂಗಿನಲ್ಲಿ ಕೊಳವೆ, ಕೆದರಿದ ಕೂದಲು.

"ಅವಳೆಲ್ಲಿ? ಅವಳಿಗೆ ಕೊಡು" ಎಂದರು ಮಗನಿಗೆ. ನಾನು ತೆಗೆದುಕೊಂಡೆ.

"ಟೀವಿ ಹಾಕಿದೀಯಾ?"

"ಇಲ್ಲ ಅತ್ತೆ."

"ಯಾಕೆ? ಸ್ಯಾನ್ ಡಿಯಾಗೋದೋರು ಬಂದಿದಾರೆ. ಅವರಲ್ಲೊಬ್ಬ ಹೊಡೆದ ಚೆಂಡು ನೇರ ಬಂದು ನನ್ನ ಕೆನ್ನೆಗೇ ಬಡೀತು." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ಪಕ್ಕದ ನಾಯಿ ಬಿದ್ದೋಯ್ತು. ಆ ಟೋಪಿಯೋರೂ ಬಿದ್ದೋದ್ರು. ನಾನು ಬೀಳ್ಲಿಲ್ಲ ಕಣೇ."

ಕಣೇ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು, ಅತ್ತೆ ನನ್ನನ್ನು ಹಾಗೆ ಕರೆದಿರಲಿಲ್ಲ. ಹಿಂದಿನಿಂದ, ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡಿದ್ದ ನರ್ಸೊಬ್ಬಳು ಬಾಗಿ, "ಶೀ ಈಸ್ ಅವರ್ ಸ್ಟಾರ್ ಹಿಯರ್" ಎಂದಳು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಹೋಮ್ ರನ್ ಅವರದು. ಆದ್ರೂ ನಾವೇ ಎರಡು ರನ್ ಮುಂದಿದೀವಿ. ಹಾಕು ಟೀವಿ" ಎಂದರು. ನಾವು ಎಂದರು, ನಾನು ಕಿವಿಯಾರೆ ಕೇಳಿದೆ. ಫೋನಿಟ್ಟ ಮರುಗಳಿಗೆಯೇ ಓರಗಿತ್ತಿಯ ಕರೆ. ಅಳುತ್ತಿದ್ದಳು. "ಅಕ್ಕ, ನಮ್ಮೋನ ಚೆಂಡು ಅತ್ತೆಗೆ ಬಡೀತು, ನೋಡ್ದ್ರಾ? ಸಾರಿ ಅಕ್ಕ." ಅಳುವವಳನ್ನು ಸಮಾಧಾನ ಮಾಡುತ್ತ ನಾನು ನಗತೊಡಗಿದೆ, ನಗುತ್ತ ಅತ್ತುಬಿಟ್ಟೆ. ಆ ರಾತ್ರಿಯ ಆಟ ನಾವು ಗೆದ್ದೆವು.

ಮಾರನೆಯ ದಿನ ಆಕ್ಸಿಜನ್ ಏರಿತು. ವೆಂಟಿಲೇಟರ್ ಮಾತು ಆಮೇಲೆ ಬರಲಿಲ್ಲ. ಹನ್ನೆರಡನೆಯ ದಿನ ಅತ್ತೆ ಅರ್ಧವಾಗಿ ಮನೆಗೆ ಬಂದರು. ಹೊಸ್ತಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದು ಒಳಗೆ ಕರೆದುಕೊಂಡೆ. ಅಕ್ಟೋಬರಿನಲ್ಲಿ ನಮ್ಮ ತಂಡ ಕಪ್ ಗೆದ್ದಾಗ ಸೋಫಾದಲ್ಲಿ ನನ್ನ ಪಕ್ಕ ಕೂತು ಕೊನೆಯ ಚೆಂಡಿನವರೆಗೂ ನೋಡಿದರು. ನಮ್ಮನೆಯವರು ಅವತ್ತೂ ಮಲಗಿದ್ದರು. ಕಟೌಟು ವಾಪಸು ಸಿಗುತ್ತದೆಂದಾಗ ಹೋಗಿ ತಂದೆ. ಆದರೆ ಆಂಬ್ಯುಲೆನ್ಸ್ ಹತ್ತುವಾಗ ಅವರು ಮುಖ ತಿರುಗಿಸಿದ್ದು ನನ್ನೊಳಗೆ ಮುಳ್ಳಾಗಿ ಉಳಿಯಿತು. ಕೇಳಲು ಧೈರ್ಯವಾಗಲಿಲ್ಲ. ಅವರು ಊರಿಗೆ ಹೋದರು, ಮತ್ತೆ ಬಂದರು, ಮತ್ತೆ ಹೋದರು. ನಾನು ಕೇಳಲಿಲ್ಲ.

ಹೋದ ವಾರ ಕಟೌಟು ಹಿಡಿದು ಕೂತಿದ್ದೆನಲ್ಲ, ಅತ್ತೆ ನನ್ನನ್ನು ಹುಡುಕಿಕೊಂಡು ಗರಾಜಿಗೇ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಈಗ ಎಂಬತ್ತು ದಾಟಿದೆ. ಏನೋ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ನನ್ನ ಮೇಲೆ ಕೋಪ ಇತ್ತಾ?"

"ಇತ್ತು" ಎಂದರು. ಸ್ವಲ್ಪವೂ ಮುಲಾಜಿಲ್ಲ. "ಆಂಬ್ಯುಲೆನ್ಸ್ ಹತ್ತೋವಾಗ, ಆ ಫೋಟೋ ಹಾಕಿಸಿ ಇವಳೇ ನನ್ನ ಕಳಿಸಿದ್ಲು ಅಂದ್ಕೊಂಡೆ."

ಐದು ವರ್ಷ ಹೆದರಿದ್ದು ಇದಕ್ಕೇ. ನಾನು ತಲೆ ತಗ್ಗಿಸಿದೆ.

"ಪೂರ್ತಿ ಕೇಳು" ಎಂದರು. "ಅಲ್ಲಿ ಒಂದು ಮುಖ ಕಾಣಲ್ಲ, ಎಲ್ಲರದೂ ಮುಸುಕು. ಸಾಕಪ್ಪ ಅನ್ನಿಸ್ಬಿಟ್ಟಿತ್ತು, ಊಟಾನೂ ಬಿಟ್ಟಿದ್ದೆ. ಆ ನರ್ಸ್ ಹುಡುಗಿ ಟೀವಿ ಹಾಕಿದ್ಲು. ನೋಡ್ತೀನಿ, ನಾನೇ. ಗಟ್ಟಿಮುಟ್ಟಾಗಿ ಕೂತಿದೀನಿ. ಅದು ನಾನು ಅಂತ ಅವಳಿಗೆ ತೋರಿಸ್ದೆ, ಇಡೀ ವಾರ್ಡಿಗೆ ಹೇಳ್ಕೊಂಡು ಬಂದ್ಲು. ನನ್ನೋರು ಅಂತ ಅಲ್ಲಿ ಕಂಡಿದ್ದು ಆ ಒಂದು ಮುಖ. ಅದನ್ನ ಅಲ್ಲಿ ಕೂರಿಸ್ದೋಳು ನೀನು. ಆ ಟೀವಿಯೋಳು ಕೂತಿರೋವಾಗ ನಾನು ಮಲಗಿದ್ರೆ ಹೇಗೆ ಅಂತ ಎದ್ದು ಕೂತು ಸೂಪ್ ಕುಡಿದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳ್ಲಿಲ್ವಲ್ಲ."

ನನಗೆ ಅಳು ಬಂದುಬಿಟ್ಟಿತು. ಅತ್ತದ್ದು ಕಾಣದಿರಲೆಂದು ಬೊಂಬೆ ಪೆಟ್ಟಿಗೆಗೆ ಬಗ್ಗಿದೆ. ಅವರು ಹುರುಳಿಕಾಯಿ ಒಲೆ ಮೇಲಿದೆ ಎಂದು ಒಳಗೆ ಹೋದರು.

ಶನಿವಾರ ಅತ್ತೆಯನ್ನು ಲಾಸ್ ಏಂಜಲೀಸಿಗೆ, ಮೈದಾನಕ್ಕೇ ಕರೆದುಕೊಂಡು ಹೋದೆ. ಸ್ವಂತ ಕಾಲಲ್ಲಿ ಅವರು ಅಲ್ಲಿಗೆ ಬಂದದ್ದು ಇದೇ ಮೊದಲು. ಗೇಟಿನವನು ಗಾಲಿಕುರ್ಚಿ ತಂದರೆ, "ಬೇರೆಯವರಿಗೆ ಕೊಡಪ್ಪ" ಎಂದು ಕನ್ನಡದಲ್ಲೇ ಹೇಳಿ ನಡೆದರು, ಅವನಿಗೂ ಅರ್ಥವಾಯಿತು. ಎದುರಾಳಿ ಸ್ಯಾನ್ ಡಿಯಾಗೋ. ಅತ್ತೆಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಕಂದು ಅಂಗಿ ತೊಟ್ಟು ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದ ಓರಗಿತ್ತಿ. ಕೊನೆಯ ಇನಿಂಗ್ಸಿನವರೆಗೂ ಸಮ ಸಮ. ಆಮೇಲೆ ನಮ್ಮ ಹುಡುಗನೊಬ್ಬ ಬೀಸಿದ. ಚೆಂಡು ಏರಿತು, ಏರುತ್ತಲೇ ಹೋಯಿತು, ಗೋಡೆಯಾಚೆ ಇಳಿಯಿತು.

ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಓರಗಿತ್ತಿ ತಲೆಯ ಮೇಲೆ ಕೈಹೊತ್ತು ಕೂತಳು. ಅತ್ತೆ ನನ್ನ ಭುಜ ಹಿಡಿದು ಎದ್ದು ನಿಂತು, ನಾನು ಬಾಯಿ ಬಿಗಿಹಿಡಿದು ನಿಂತಿದ್ದನ್ನು ನೋಡಿದರು. ಆ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದರು.

"ಕೂಗೇ. ಅತ್ತೆ ಪಕ್ಕದಲ್ಲಿದಾರೆ ಅಂತ ನೋಡ್ಬೇಡ."

ಕೂಗಿದೆ. ನನಗಿಂತ ಜೋರಾಗಿ ಅವರು ಕೂಗಿದರು.