ಗೋಡೆಗೆ ತಿರುಗಿಸಿಟ್ಟ ಮುಖ

ಹೋದ ವಾರ ಸಾಗರದಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಕೆತ್ತನೆ ಸಾಮಾನಿನ ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಹೊಸ ಮರಕ್ಕೆ ವಾರ್ನಿಷ್ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮಗಳು ಕಾಲೇಜಿಗೆ ಹೋಗುತ್ತಾಳೆ, ನಾನಿನ್ನೂ ಹೊಟ್ಟೆ ಹಿಡಿದುಕೊಂಡು ರಸ್ತೆಯಲ್ಲಿ ನಿಲ್ಲುತ್ತೇನೆ. ಎಂಥ ಪುಕ್ಕಲು ಜನ್ಮವಪ್ಪಾ ನನ್ನದು...

ಆಗ ನಾವು ತೀರ್ಥಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಒಂದೇ ಜಗಲಿ, ಎರಡು ಬಾಗಿಲು. ಆಚೆ ಬಾಗಿಲು ನರ್ಸಕ್ಕನದು. ಹೆರಿಗೆ ವಾರ್ಡಿನಲ್ಲಿ ಕೆಲಸ, ಒಂಟಿ ಜೀವ. ನನ್ನ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಅವರು. ಎರಡನೆಯದು ನಿಂತಾಗ ಗಂಡನಿಗಿಂತ ಮೊದಲು ಅವರಿಗೇ ಹೇಳಿದೆ.

ಅದೇ ಹೊತ್ತಿಗೆ ನರ್ಸಕ್ಕ ಸಾಗರದಿಂದ ಮರದಲ್ಲಿ ಕೆತ್ತಿದ ಒಂದು ಮುಖ ತಂದರು. ಮೊರದಷ್ಟು ಅಗಲ. ತಂದವರೇ ಜಗಲಿಯ ಕೊನೆಯ ಗೋಡೆಗೆ ನೇತುಹಾಕಿದರು. ಕಾಗದ ಬಿಚ್ಚುವಾಗ ಹೊಸ ವಾರ್ನಿಷ್ ವಾಸನೆಯ ಜೊತೆ ಒಂದು ಕಣ್ಣು ಕಾಣಿಸಿತು, ಅಷ್ಟಕ್ಕೇ ನಾನು ಒಳಗೆ ಓಡಿದೆ. ನಾಲಿಗೆ ಚಾಚಿದೆ, ಕೆನ್ನೆ ಉಬ್ಬಿದೆ ಅಂತೆಲ್ಲ ಆಮೇಲೆ ಕೇರಿಯವರು ಹೇಳಿ ಗೊತ್ತು. ಅದು ಚೌಡಿಯೇ ಅಂತಲೂ ಅವರೇ ತೀರ್ಮಾನ ಮಾಡಿದರು. ಚೌಡಿ ಅಂದರೆ ನಮ್ಮ ಕಡೆ ಊರಾಚೆ ಮರದ ಬುಡದಲ್ಲಿ ಇರಬೇಕಾದ ಉಗ್ರ ದೇವತೆ. ವರ್ಷಕ್ಕೊಮ್ಮೆ ಕಾಯಿ ಒಡೆದು ಬರಬೇಕೇ ಹೊರತು ಮನೆಗೆ ಕರೆಯಬಾರದು.

ನರ್ಸಕ್ಕನಿಗೆ ಯಾವುದೂ ತಾಗಲಿಲ್ಲ. ಡ್ಯೂಟಿ ಮುಗಿಸಿ ಬಂದು, ಚಪ್ಪಲಿಯನ್ನೂ ಬಿಡದೆ, ಕಾಫಿ ಲೋಟ ಹಿಡಿದು ಅದರ ಎದುರು ಕೂತುಬಿಡುತ್ತಿದ್ದರು. ಇಂಥದ್ದಕ್ಕೆ ಮುಂದೆ ಒಳ್ಳೆ ರೇಟು ಬರುತ್ತೆ, ಜೋಪಾನ ಮಾಡಿ ಅಂತ ಮನೆ ಓನರು ಬುದ್ಧಿ ಹೇಳಿದರೆ ನಕ್ಕರಂತೆ. ಮಾರುವುದಕ್ಕೆ ತಂದದ್ದಲ್ಲ, ನೋಡುವುದಕ್ಕೆ ತಂದದ್ದು ಅಂದರಂತೆ.

ನನ್ನ ಆರೈಕೆಗೆಂದು ನಿಟ್ಟೂರಿನಿಂದ ಬಂದ ನಮ್ಮತ್ತೆ ಆ ಮುಖ ನೋಡಿದವರೇ ನನ್ನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಬಸುರಿ ಕಣ್ಣಿಗೆ ಇಂಥದ್ದು ಬಿದ್ದರೆ ಮಗುವಿಗೆ ಅದೇ ಮುಖ ಬರುತ್ತೆ ಅಂದರು. ಒಂದು ಹೋಗಿದ್ದು ಸಾಲದಾ ಅಂತಲೂ ಅಂದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಬಚ್ಚಲಿಗೆ ಹೋಗಬೇಕಾದರೂ ಜಗಲಿ ದಾಟಬೇಕು. ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು, ಗೋಡೆ ಸವರಿಕೊಂಡು ಹೋಗುತ್ತಿದ್ದೆ. ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಯಾವಾಗ ಮಿಸುಕಾಡುತ್ತೋ ಅಂತ ಕಾಯುತ್ತಿದ್ದೆ.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸೀರೆಯಲ್ಲಿ ರಕ್ತ ಕಂಡಿತು. ಸ್ವಲ್ಪವೇ. ನರ್ಸಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಮಗು ಚೆನ್ನಾಗಿದೆ, ಮಲಗಿರಬೇಕು ಅಷ್ಟೇ ಅಂತ ಧೈರ್ಯ ಹೇಳಿ ಕರೆತಂದರು. ಜಗಲಿ ಹತ್ತುವಾಗ ನಾನು ಅವರ ಕೈ ಬಿಡಲಿಲ್ಲ.

"ಅಕ್ಕಾ, ಆ ಮುಖ ತೆಗೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಓದಿದವಳು ನೀನೂ ಹೀಗಾ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಯ ಕಡೆಗೇ ನೋಡುತ್ತಾ ನಿಂತರು.

"ನಂಗೂ ಹೆದರಿಕೆನೇ ಮಾರಾಯ್ತಿ. ದಿನಾ ವಾರ್ಡಿಂದ ಹೆದರ್ಕಂಡೇ ಬರ್ತೀನಿ, ಯಾವ ಮಗು ಉಳೀತೋ ಇಲ್ವೋ ಅಂತ. ಇವಳೊಬ್ಳು ಯಾರಿಗೂ ಹೆದರಲ್ಲ ಅಂತ ನೋಡ್ತಾ ಕೂರ್ತೀನಿ."

ಆದರೆ ಎಲ್ಲಿ ಇಡುವುದು? ಅವರ ಮನೆಯೊಳಗೆ ಒಯ್ದರೂ ಸೂರು ಒಂದೇ, ಚೌಡಿಯನ್ನು ಮನೆಯೊಳಗೇ ಕೂರಿಸಿಕೊಂಡ ಹಾಗೆ ಅಂತ ಅತ್ತೆ ಬಿಡಲಿಲ್ಲ. ಆಚೆ ಬಿಟ್ಟು ಬರಲು ಅತ್ತೆಗೇ ಎದೆಯಿಲ್ಲ, ಮುನಿದರೆ ಯಾರು ಗತಿ. ಕೊನೆಗೆ ನರ್ಸಕ್ಕ ಸ್ಟೂಲು ಹತ್ತಿ ಅದನ್ನು ಅದೇ ಮೊಳೆಗೆ ಗೋಡೆಯ ಕಡೆ ಮುಖ ಮಾಡಿ ನೇತುಹಾಕಿದರು. ಅಲ್ಲಿಗೆ ನನ್ನ ಉಸಿರು ಬಂತು.

ಮಳೆಗಾಲ ಪೂರ್ತಿ ಅದು ಹಾಗೇ ಇತ್ತು. ನರ್ಸಕ್ಕ ಕಾಫಿ ಹಿಡಿದು ಬಂದು ಕೂರುತ್ತಿದ್ದರು, ಉಳಿ ಗುರುತು ತುಂಬಿದ ಮರದ ಬೆನ್ನು ನೋಡುತ್ತಾ...

ಹೆರಿಗೆ ಅವರ ಕೈಯಲ್ಲೇ ಆಯಿತು. ಮಗು ಅತ್ತದ್ದು ಕೇಳಿದರೂ ನಾನು ಕಣ್ಣು ಬಿಡಲಿಲ್ಲ. ಗಂಡೋ ಹೆಣ್ಣೋ ಅಂತಲೂ ಕೇಳಲಿಲ್ಲ, ಮುಖ ಹೇಗಿದೆ ಅಂತ ಕೇಳಿದೆ.

"ಮುಖ ಮುಖದ ಹಾಗೇ ಇದೆ. ಕಣ್ಣು ಬಿಟ್ಟು ನೋಡು."

ತವರಿನಲ್ಲಿ ಬಾಣಂತನ ಮುಗಿಸಿ, ಮಗು ಎತ್ತಿಕೊಂಡು ವಾಪಸು ಬಂದ ದಿನ ನಾನೇ ಹೇಳಿದೆ, ಅಕ್ಕಾ ಇನ್ನು ತಿರುಗಿಸಿ, ನಾನೂ ನೋಡ್ತೀನಿ ಅಂತ. ಅವರು ಹುರುಪಿನಿಂದ ಸ್ಟೂಲು ಹತ್ತಿದರು. ಕೈಗೆ ಬಂದದ್ದು ಹಗುರವಾಗಿತ್ತು. ತಿರುಗಿಸಿದರೆ ಮಣ್ಣು ಉದುರಿತು. ಗೋಡೆಯೊಳಗಿಂದ ಬಂದ ಗೆದ್ದಲು ಕಣ್ಣು, ಮೂಗು, ನಾಲಿಗೆ ಎಲ್ಲವನ್ನೂ ತಿಂದುಹಾಕಿತ್ತು. ಉಳಿದದ್ದು ಒಂದು ಕಿವಿ, ಅಂಚಿನಲ್ಲಿ ಒಂದಿಷ್ಟು ಕೂದಲು.

ನರ್ಸಕ್ಕ ಸ್ಟೂಲಿನ ಮೇಲೇ ಕೂತರು. ಉಳಿದ ಕಿವಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಒರೆಸಿದರು. ಹೋಗ್ಲಿ ಬಿಡು, ಮಗು ಇದೆಯಲ್ಲ ಅಂದರು, ಮಗುವಿಗೆ ಕೈ ಚಾಚಿದರು. ಮುಂದೆ ಅವರಿಗೆ ಹೊಸನಗರಕ್ಕೆ ವರ್ಗವಾಯಿತು. ಮತ್ತೆ ಅಂಥದ್ದೊಂದನ್ನು ಕೊಂಡರೋ ಇಲ್ಲವೋ ತಿಳಿಯದು. ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ಎಲ್ಲ ಕಾರ್ಯವೂ ಮುಗಿದಿತ್ತು.

ಅವತ್ತು ಅವರು ತೆಗೆಯಲ್ಲ ಅಂದಿದ್ದರೆ ನಾನು ಮತ್ತೆ ಮತ್ತೆ ಬೇಡಿಕೊಳ್ಳುತ್ತಿದ್ದೆ. ಇವತ್ತಾದರೂ ಅಷ್ಟೇ, ಹೊಟ್ಟೆಯಲ್ಲಿ ಮಗುವಿದ್ದರೆ ಅದನ್ನೇ ಕೇಳುತ್ತೇನೆ.

ನಾನು ನಿಂತೇ ಇದ್ದದ್ದು ನೋಡಿ ಅಂಗಡಿಯವರು ಒಳಗೆ ಕರೆದರು. ಏನು ಬೇಕಮ್ಮ ಅಂದರು. ಹಿಂದೆ ನಮ್ಮ ಪಕ್ಕದ ಮನೆಯವರು ನಿಮ್ಮೂರಿಂದ ಒಂದು ಹೆಂಗಸಿನ ಮುಖ ತಂದಿದ್ದರು ಅಂತ ಬಾಯಿಗೆ ಬಂತು. ಅಂಥದ್ದೇ ಕೆತ್ತಿಸಿಕೊಡ್ತೀವಿ, ಹೇಗಿತ್ತು ಹೇಳಿ ಅಂದರು.

ಹೇಗಿತ್ತು ಅಂತ ಹೇಳಲಿ? ಅದನ್ನು ಕಣ್ತುಂಬ ನೋಡಿದವರು ಒಬ್ಬರೇ. ಅವರಿಲ್ಲ.